ಒದ್ದೆ ಬೆಡ್‌ಶೀಟಿನ ಆಚೆ

"ತಲೆ ಎತ್ತಬೇಡ. ಸ್ವಲ್ಪ ಎಡಕ್ಕೆ. ಹಾಂ, ನೇರ ಬಾ," ಎಂದಳು ಸುರಭಿ.

ಗಿರಿನಗರದ ಅವಳ ಮನೆಯ ತಾರಸಿಯ ಮೇಲೆ ಸೀಮೆಸುಣ್ಣದ ರನ್‌ವೇ. ನಚಿಕೇತ ಹಣೆಗೆ ಹುಡ್ ಕಟ್ಟಿಕೊಂಡು, ಕೈಯಲ್ಲಿದ್ದ ಫೋನಿನ ದಿಕ್ಸೂಚಿ ನೋಡುತ್ತ ನಡೆಯುತ್ತಿದ್ದ. ಕುದುರೆಯ ಕಣ್ಣುಪಟ್ಟಿಯಂಥ ಆ ಹುಡ್ ಹಾಕಿದ ಪೈಲಟ್‌ಗೆ ಹೊರಗಿನದೇನೂ ಕಾಣಬಾರದು. ಮೋಡದೊಳಗೆ ಸಿಕ್ಕಿಕೊಂಡವನಂತೆ ಡಯಲ್‌ಗಳನ್ನಷ್ಟೇ ನಂಬಿ ಹಾರಬೇಕು. ಇಬ್ಬರೂ ಇನ್‌ಸ್ಟ್ರುಮೆಂಟ್ ರೇಟಿಂಗ್ ಪರೀಕ್ಷೆಗೆ ಓದುತ್ತಿದ್ದರು. ಹಾರುವುದನ್ನು ಸಂಜೆ ಹೀಗೆ ನಡೆದು ಅಭ್ಯಾಸ ಮಾಡುತ್ತಿದ್ದರು.

ಕತ್ತನ್ನು ತುಸು ಓರೆ ಮಾಡಿದರೆ ಹುಡ್ಡಿನ ಅಂಚಿನಲ್ಲಿ ಅವಳ ಪಾದ ಕಾಣುತ್ತಿತ್ತು. ಹೆಬ್ಬೆರಳ ಉಗುರಿನ ಮೇಲೆ ಅರ್ಧ ಅಳಿಸಿದ ನೀಲಿ ಬಣ್ಣ. ಅವನು ಕತ್ತು ಓರೆ ಮಾಡಿದ. ಮತ್ತೊಮ್ಮೆ ಮಾಡಿದ. ದಾರಿಗೆ ಅಡ್ಡ ತೂಗುತ್ತಿದ್ದ ಒದ್ದೆ ಬೆಡ್‌ಶೀಟಿನ ಕೆಳಗೆ ಅಂದವಾಗಿ ಬಗ್ಗಿ ದಾಟಿದ.

"ಯಾಕೆ ಬಗ್ಗಿದೆ?"

"ಹಾಂ?"

"ಬೆಡ್‌ಶೀಟ್ ಇದೆ ಅಂತ ನಾನು ಹೇಳ್ಲೇ ಇಲ್ವಲ್ಲ."

"ನಿನ್ನ ಕಾಲು ನೋಡ್ತಿದ್ದೆ ಕಣೇ," ಎಂದು ನಕ್ಕ.

ಅವಳ ಕೆನ್ನೆ ಕೆಂಪಾಯಿತು. ಆದರೆ ಮರುಕ್ಷಣ ಮುಖ ಬಿಗಿಯಾಯಿತು. "ನಿನ್ನೆ? ಪ್ಲೇನಲ್ಲಿ?"

ಅವನ ನಗು ಸತ್ತಿತು.

ನಿನ್ನೆ ಇಬ್ಬರೂ ಒಬ್ಬರಾದ ಮೇಲೊಬ್ಬರು ಹುಡ್ ಹಾಕಿಕೊಂಡು ಹಾರಿದ್ದರು. ಅವಳ ವಿಮಾನ ದಾರಿ ಬಿಟ್ಟು ಅತ್ತಿತ್ತ ತೊನೆದಿತ್ತು. ಅವನದು ನೂಲು ಹಿಡಿದಂತೆ ಬಂದಿತ್ತು. ತರಬೇತುದಾರ ರವಿಕುಮಾರ್ ಎಲ್ಲರೆದುರು ಅವನ ಬೆನ್ನು ತಟ್ಟಿ, "ಇವನನ್ನ ನೋಡಿ ಕಲಿಯಮ್ಮ," ಎಂದಿದ್ದರು. ಅವಳು ತಲೆ ತಗ್ಗಿಸಿದ್ದಳು. ಹುಡ್ಡಿನ ಸಂದಿಯಿಂದ ಕೆಳಗಿನ ಹೆದ್ದಾರಿಯನ್ನು ಇಣುಕಿ ನೋಡಿದ್ದ ಅವನು ಹಲ್ಲು ಕಿರಿದು ನಿಂತಿದ್ದ. ಆ ನಗು ಈಗ ಮುಖಕ್ಕೆ ಬೆಂಕಿಯಂತೆ ಹತ್ತಿಕೊಂಡಿತು.

"ಹೆದರಿಕೆ ಆಯ್ತು ಸುರಭಿ. ರೆಕ್ಕೆ ವಾಲ್ತಿದೆ ಅನ್ನಿಸ್ತು. ಡಯಲ್ ನೋಡಿದ್ರೆ ಇಲ್ಲ ಅಂತಿತ್ತು. ನಂಬೋಕಾಗ್ಲಿಲ್ಲ."

"ನಂಗೂ ಹಂಗೇ ಅನ್ನಿಸ್ತು. ನಾನು ಇಣುಕ್ಲಿಲ್ಲ. ಇದೆಲ್ಲ ಬಿಟ್ಬಿಡ್ತೀನಿ ಅಂತ ಬೆಳಿಗ್ಗೆ ಅಮ್ಮಂಗೆ ಹೇಳ್ದೆ ಕಣೋ. ನಚಿ ಥರ ನಂಗೆ ಯಾವತ್ತೂ ಬರಲ್ಲ ಅಂತ."

ಅವನು ಫೋನ್ ಸ್ಪೀಕರಿಗೆ ಹಾಕಿ ರವಿಕುಮಾರ್‌ಗೆ ಕರೆ ಮಾಡಿದ. ಎರಡೇ ವಾಕ್ಯದಲ್ಲಿ ಇಣುಕಿದ್ದನ್ನು ಒಪ್ಪಿಕೊಂಡ.

"ಮತ್ತೆ ಹಾರ್ತೀಯ, ಮೊದಲಿಂದ," ಎಂದರು ರವಿಕುಮಾರ್. "ಆ ಹುಡುಗಿ ಹತ್ರ ನಾನೇ ಮಾತಾಡ್ತೀನಿ."

ಹುಡ್ ಕಳಚಿ ಗೋಡೆಯ ಮೇಲಿಟ್ಟು, ಅವಳತ್ತ ನೋಡದೆ ಮೆಟ್ಟಿಲ ಕಡೆ ಹೊರಟ.

"ಎಲ್ಲಿಗೆ?"

"ಯಾವ ಮುಖ ಇಟ್ಕೊಂಡು ನಿಂತ್ಕೊಳ್ಲಿ?"

"ಲ್ಯಾಂಡಿಂಗ್ ಕೆಟ್ಟರೆ ಓಡಿಹೋಗ್ತಾರಾ? ಮತ್ತೆ ಮೇಲೆ ಹೋಗಿ ಸುತ್ತಿ ಬರ್ತಾರೆ. ಬಾ ಇಲ್ಲಿ." ಹುಡ್ ತೊಡಿಸಿ ಮೂಗಿನವರೆಗೂ ಎಳೆದಳು. "ನಾನು ಮಿನಿಮಮ್ಸ್ ಅನ್ನೋವರೆಗೂ ತಲೆ ಎತ್ತಂಗಿಲ್ಲ."

ಇಳಿಯುವಾಗ ಪೈಲಟ್ ಕೊನೆಗೂ ತಲೆ ಎತ್ತಿ ಹೊರಗೆ ನೋಡಬಹುದಾದ ಎತ್ತರ ಅದು. ಅಲ್ಲಿ ರನ್‌ವೇ ಕಂಡರೆ ಇಳಿಯಬೇಕು, ಕಾಣದಿದ್ದರೆ ಮತ್ತೆ ಸುತ್ತಬೇಕು.

ಅವನು ಅವಳ ದನಿಯನ್ನಷ್ಟೇ ಹಿಡಿದು ನಡೆದ. ಎಡಕ್ಕೆ. ನೇರ. ಇನ್ನೂ ನೇರ. ಒದ್ದೆ ಬೆಡ್‌ಶೀಟ್ ಮುಖಕ್ಕೆ ಫಟ್ಟೆಂದು ಬಡಿದು ಮೈಗೆಲ್ಲ ಸುತ್ತಿಕೊಂಡಿತು. ಅವನು ನಿಲ್ಲಲಿಲ್ಲ, ತಂತಿಯಿಂದ ಅದೇ ಕಿತ್ತು ಬಂತು.

"ಸುರಭೀ, ಬೆಡ್‌ಶೀಟ್ ಒಣಗ್ತೇನೇ?" ಕೆಳಗಿನಿಂದ ಅವಳ ಅಮ್ಮ ಸೀತಾಲಕ್ಷ್ಮಿ ಕೂಗಿದರು.

"ಇಲ್ಲಮ್ಮಾ! ಪೈಲಟ್ ಸುತ್ಕೊಂಡಿದ್ದಾನೆ!"

ಅವಳ ನಗು ತೀರಾ ಹತ್ತಿರದಲ್ಲಿತ್ತು.

"ಮಿನಿಮಮ್ಸ್," ಎಂದಳು ಮೆಲ್ಲಗೆ.

ಈಗ ಅನುಮತಿಯಿತ್ತು, ಆದರೂ ತಲೆ ಎತ್ತುವುದು ಅವನಿಂದಾಗಲಿಲ್ಲ. ಸುಣ್ಣ ಮೆತ್ತಿದ ಬೆರಳುಗಳು ಬೆಡ್‌ಶೀಟ್ ಸರಿಸಿ, ಹುಡ್ ಮೇಲಕ್ಕೆತ್ತಿದವು. ಅವಳ ಕಣ್ಣೂ ಒದ್ದೆಯಾಗಿತ್ತು.

"ಕಾಣ್ತಿದೆಯಾ?"

"ಕಾಣ್ತಿದೆ. ಟ್ರೈನಿಂಗಿನ ಮೊದಲ ಕ್ಲಾಸಿಂದಾನೂ ಈ ಮುಖದ ಸುತ್ತಾನೇ ಹಾರ್ತಾ ಇದ್ದೀನಿ."

"ಇಳಿ ಮತ್ತೆ, ಗುರು," ಎಂದು ಅವಳು ಅವನ ತಣ್ಣನೆಯ ಕೈ ಹಿಡಿದುಕೊಂಡಳು.