ಜೇನುರೊಟ್ಟಿಯ ಹೃದಯ

ನವೆಂಬರ್ ಹನ್ನೆರಡರ ಬೆಳಿಗ್ಗೆ ಡಾಕ್ಟರ್ ಸೊಂಬತಿಯವರು ಶೊಪ್ರೋನ್ ನಗರ ಠಾಣೆಗೆ ಓಡಿಬಂದರು. ಬೆಂಕಿಗೋಪುರದ ಹಿಂದಿನ ಓಣಿಯಲ್ಲಿರುವ ಜೇನುರೊಟ್ಟಿ ಮ್ಯೂಸಿಯಂ ಅವರ ಉಸ್ತುವಾರಿಯಲ್ಲಿತ್ತು. ಇನ್ಸ್‌ಪೆಕ್ಟರ್ ಬೊಗ್ನಾರ್ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದರು.

"ಹೃದಯ ಹೋಯ್ತು ಸಾರ್! ಜೇನು ಹಾಕಿ ಹೃದಯದ ಆಕಾರದಲ್ಲಿ ಸುಟ್ಟ ಹಳೇ ರೊಟ್ಟಿ, ಕೆಂಪು ಸಕ್ಕರೆ ಬಳಿದಿದ್ದು, ನಡುವೆ ಪುಟ್ಟ ಕನ್ನಡಿ ಇರೋದು. ಜನ ನಮ್ಮಲ್ಲಿಗೆ ಬರೋದೇ ಅದನ್ನ ನೋಡೋಕೆ!"

ಎಫ್‌ಐಆರ್ ದಾಖಲಿಸಿ, ಬೊಗ್ನಾರ್ ಕಾನ್‌ಸ್ಟೆಬಲ್ ಎಮೆಶೆಯೊಂದಿಗೆ ಮಹಜರಿಗೆ ಹೋದ. ರಾತ್ರಿಯೆಲ್ಲ ಮಳೆ ಸುರಿದು ಓಣಿ ಕೆಸರಾಗಿತ್ತು. ಹಿಂಬಾಗಿಲ ಗಾಜು ಒಡೆದಿತ್ತು. ಆದರೆ ಮೇಣ ಉಜ್ಜಿದ ಹಳೆಯ ಮರದ ನೆಲದ ಮೇಲೆ ಒಂದೇ ಒಂದು ಕಲೆ ಇರಲಿಲ್ಲ. ನೋಡಲು ಬಂದವರು ಬೂಟಿನ ಮೇಲೆ ಹಾಕಿಕೊಳ್ಳುವ ಉಣ್ಣೆಯ ಚಪ್ಪಲಿಗಳು ಪೆಟ್ಟಿಗೆಯಲ್ಲಿ ಜೋಡಿಜೋಡಿಯಾಗಿ ಕೂತಿದ್ದವು. ಒಂದು ಜೋಡಿಯ ಅಡಿಯಲ್ಲಿ ಮಾತ್ರ ಗಾಜಿನ ಪುಡಿ ಅಂಟಿತ್ತು.

"ಕದಿಯೋಕೆ ಬಂದೋರು ನೆಲ ಕೆಡುತ್ತೆ ಅಂತ ಚಪ್ಪಲಿ ಹಾಕ್ಕೊಂಡ್ರಾ ಸಾರ್?" ಎಮೆಶೆ ಕಣ್ಣರಳಿಸಿದಳು.

ಬೊಗ್ನಾರ್ ಸೊಂಬತಿಯವರತ್ತ ತಿರುಗಿದ. "ಈ ನೆಲದ ಮೇಲೆ ಇಷ್ಟು ಅಕ್ಕರೆ ಯಾರಿಗೆ?"

ಸೊಂಬತಿಯವರ ಮುಖ ಬಿಳುಚಿತು. "ಪಿರೋಷ್ಕಮ್ಮನಿಗೆ. ಇಲ್ಲೇ ಕೋಣೆ ಕಾಯೋರು. ಮೇಯರ್ ಬಂದಾಗಲೂ ಚಪ್ಪಲಿ ಹಾಕಿಸಿಯೇ ಒಳಗೆ ಬಿಟ್ಟಿದ್ದು... ಛೇ, ಅವರಲ್ಲ ಸಾರ್! ಅವರ ತಾಯಿ ತೀರ್ಕೊಂಡಿದಾರೆ, ಇವತ್ತು ಮಧ್ಯಾಹ್ನ ಮಣ್ಣು. ನಾನು ಹೂವು ತಂದಿಟ್ಟಿದ್ದೀನಿ!"

ಪಿರೋಷ್ಕಳ ಮನೆಯಲ್ಲಿ ಗೋಡೆಗನ್ನಡಿಗೆ ಕಪ್ಪು ಬಟ್ಟೆ ಹೊದಿಸಿತ್ತು. ಸಾವಿನ ಮನೆಯ ರೂಢಿ. ಬೊಗ್ನಾರ್ ಟೋಪಿ ತೆಗೆದ. ಹೊಸ್ತಿಲಲ್ಲೇ ನಿಂತ.

"ಕೇಳಪ್ಪ," ಎಂದಳು ಪಿರೋಷ್ಕಳೇ. "ಅದಕ್ಕೇ ತಾನೆ ಬಂದಿರೋದು?"

"ಹೃದಯ ಎಲ್ಲಿ?"

"ಶವಪೆಟ್ಟಿಗೇಲಿ. ಅಮ್ಮನ ಕೈಲಿ."

ಎಮೆಶೆಯ ಪೆನ್ನು ನಿಂತಿತು.

"ಪ್ರತಿ ವರ್ಷ ಸಮಾಧಿಗೆ ದೀಪ ಹಚ್ಚೋ ದಿನ ಅಮ್ಮ ಮ್ಯೂಸಿಯಂಗೆ ಬರೋಳು, ಅದರ ಮುಂದೆ ನಿಲ್ಲೋಳು. ಸಕ್ಕರೆ ಹೂವು ಚೆಂದ ಅನ್ನೋಳು, ಅಷ್ಟೆ. ಸಾಯೋ ಹಿಂದಿನ ದಿನ ಬಾಯಿಬಿಟ್ಟಳು. ಅದನ್ನ ಅವಳಿಗೆ ಮಾಡಿಕೊಟ್ಟೋನು ನನ್ನಪ್ಪ ಅಂತೆ! ಮದುವೆಗೆ ಮೊದಲೇ ಗಡಿ ದಾಟಿ ಹೋದ, ತಿರುಗಿ ಬರಲಿಲ್ಲ. ಆಮೇಲೆ ಅಮ್ಮನೇ ಹೆಸರು ಹೇಳದೆ ಅದನ್ನ ಮ್ಯೂಸಿಯಂಗೆ ಕೊಟ್ಟಳಂತೆ. ನಾನು ಅಪ್ಪಾ ಅಂದಿದ್ದು ಬೇರೆ ಯಾರನ್ನೋ. ನನ್ನಪ್ಪನ ಕೈಕೆಲಸದ ಮುಂದೆ ಇಷ್ಟು ವರ್ಷ ಕುರ್ಚಿ ಹಾಕ್ಕೊಂಡು ಕೂತು, ಮುಟ್ಟಬೇಡಿ ಅಂತ ಜನಕ್ಕೆ ಗದರಿದೀನಲ್ಲಪ್ಪ!"

"ಕೇಳಿದ್ರೆ ಮ್ಯೂಸಿಯಂನೋರು ಕೊಡ್ತಿದ್ರೇನೋ," ಎಂದ ಬೊಗ್ನಾರ್.

"ಕೇಳೋಕೆ ಹೋದ್ರೆ ಯಾಕೆ ಅಂತ ಹೇಳಬೇಕಲ್ಲ? ಅಮ್ಮ ಬದುಕೆಲ್ಲ ಮುಚ್ಚಿಟ್ಟಿದ್ದನ್ನ ಅವಳ ಹೆಣದ ಮುಂದೆ ಊರಿಗೆ ಸಾರಲಾ? ಈಗೇನು, ನೀವು ಬರ್ಕೊಂಡಾಯ್ತು."

ಸ್ಮಶಾನದ ಪ್ರಾರ್ಥನಾ ಮಂದಿರದಲ್ಲಿ ಪಾದ್ರಿಯ ಎದುರೇ ಮುಚ್ಚಳ ತೆಗೆಸಬೇಕಾಯಿತು. ಸೊಂಬತಿಯವರು ಹೂವು ಹಿಡಿದುಕೊಂಡೇ ಹೊರಗೆ ಓಡಿದರು. ಮುದುಕಿಯ ತಣ್ಣನೆ ಬೆರಳುಗಳನ್ನು ಬಿಡಿಸುವಾಗ ಬೊಗ್ನಾರ್‌ಗೆ ತನ್ನ ಕೈಯ ಮೇಲೆಯೇ ಹೇಸಿಗೆ ಹುಟ್ಟಿತು.

"ಅಂಚು ಹಿಡೀಬೇಡ್ವೋ!" ಪಿರೋಷ್ಕ ಗದರಿದಳು. "ಅಂಗೈಲಿ ಎತ್ಕೋ. ಪುಡಿಯಾಗುತ್ತೆ."

ಹೃದಯದ ನಡುವಿನ ಕನ್ನಡಿಗೂ ಉಗುರಿನಷ್ಟು ಕಪ್ಪು ಬಟ್ಟೆ ಅಂಟಿಸಿತ್ತು.

ಮಣ್ಣಾದ ಮೇಲೆಯೇ ಆಕೆಯನ್ನು ಬಂಧಿಸಲಾಯಿತು. ಠಾಣೆಯಲ್ಲಿ ಬೊಗ್ನಾರ್ ಹೇಳಿಕೆಯ ಹಾಳೆ ಕೇಳಿದ. "ಅಮ್ಮನ ಕೈಲಿ" ಎಂಬಲ್ಲಿಗೆ ಬರಹ ನಿಂತಿತ್ತು. ಎಮೆಶೆ ತಲೆ ತಗ್ಗಿಸಿದಳು. ಅವನು ಕೃತ್ಯದ ಕಾರಣ ಎಂಬುದರ ಮುಂದೆ "ತಾಯಿಯ ಸಾವು" ಎಂದಷ್ಟೇ ಬರೆದು ಸಹಿ ಹಾಕಿದ.