ಏಳನೇ ಸಾಲಿಗೆ ಎರಡು ಮಗ್ ನೀರು

ನೀರು ಬಿಡುವುದೇ ಕಸುಬಾದವನಿಗೆ ನೀರು ಬಿಡಬೇಡ ಅಂದರೆ ಕೈ ಸುಮ್ಮನಿರುತ್ತದೆಯೇ? ಗಿಡ ಬೆಳೆಸುವ ಗಾಜಿನ ಮನೆಯ ಪೈಪು ನೋಡಿಕೊಳ್ಳುವವನು ಎಡವಿದ್ದು ಅಲ್ಲೇ.

ಬರಕ್ಕೂ ಬಿಸಿಲಿಗೂ ಜಗ್ಗದ ಮೆಣಸಿನ ತಳಿ ಹುಡುಕುತ್ತಿದ್ದ ಸಂಶೋಧಕಿಗೆ ಅಲ್ಲಿ ಎಲ್ಲರೂ 'ಮೆಣಸಿನಕಾಯಿ ಡಾಕ್ಟರ್' ಎನ್ನುತ್ತಿದ್ದರು. ಹೆಸರಿಗೆ ತಕ್ಕ ಖಾರ. ಆದರೆ ನಕ್ಕಾಗ ಮೂಗಿನ ಮೇಲೆ ಸಣ್ಣದೊಂದು ಸುಕ್ಕು ಮೂಡುತ್ತಿತ್ತು. ಅದನ್ನು ನೋಡಲೆಂದೇ ಅವನು ಸರಿಯಿದ್ದ ನಲ್ಲಿಯನ್ನೂ ವಾರಕ್ಕೆರಡು ಸಲ ರಿಪೇರಿ ಮಾಡುತ್ತಿದ್ದ.

"ಪರೀಕ್ಷೆಗಿಟ್ಟ ಗಿಡಗಳಿಗೆ ಹನ್ನೆರಡು ದಿನ ಒಂದು ಹನಿ ನೀರೂ ಬೇಡ," ಅಂದಿದ್ದಳು. ಅವನು ಹೂಂ ಅಂದಿದ್ದ.

ಹನ್ನೆರಡನೇ ದಿನ ಬೆಳಿಗ್ಗೆ ಅವಳು ಓಡೋಡಿ ಬಂದಳು. "ರೀ, ಬನ್ನಿ ಇಲ್ಲಿ! ಏಳನೇ ಸಾಲು ಒಂದು ಹೂವೂ ಉದುರಿಸಿಲ್ಲ! ಎರಡು ವರ್ಷ ಒದ್ದಾಡಿದ್ದು ಸಾರ್ಥಕ ಆಯ್ತು. ಸಂಜೆನೇ ರಿಪೋರ್ಟ್ ಕಳಿಸ್ತೀನಿ."

ಮೂಗಿನ ಮೇಲೆ ಸುಕ್ಕು ಮೂಡಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಆ ನಗು ಇವತ್ತಿಗೆ ಉಳಿಯುತ್ತದೆ. ನಾಳೆ ಯಾರೋ ಈ ತಳಿಯನ್ನು ನಂಬಿ ಬಿಸಿಲಲ್ಲಿ ನೆಡುತ್ತಾರೆ, ಆಮೇಲೆ ತಲೆ ತಗ್ಗಿಸುವವಳು ಇವಳೇ.

"ಡಾಕ್ಟ್ರೇ... ಆ ಸಾಲಿಗೆ ನಾನು ನೀರು ಹಾಕಿದೀನಿ. ಗಿಡಕ್ಕೊಂದು ಮಗ್. ಎರಡು ಸಲ."

"ಏನಂದ್ರಿ?"

"ಮಧ್ಯಾಹ್ನ ಎಲೆಯೆಲ್ಲ ಮುದುಡಿಕೊಂಡಿತ್ತು. ಸತ್ತುಹೋದ್ರೆ ನೀವು ಅಳ್ತೀರಿ ಅಂತ..."

"ಅಯ್ಯೋ ಪುಣ್ಯಾತ್ಮ! ಅದು ಮುದುಡೋದು ಸಾಯೋಕಲ್ಲ, ಇರೋ ನೀರು ಉಳಿಸಿಕೊಳ್ಳೋಕೆ. ಬಿಸಿಲು ಇಳಿದ ಮೇಲೆ ತಾನೇ ಬಿಚ್ಚಿಕೊಳ್ಳುತ್ತೆ!"

ಬೈದಿದ್ದರೆ ಚೆನ್ನಾಗಿತ್ತು. ಅವಳು ಏಳನೇ ಸಾಲಿನ ಗಿಡಗಳಿಗೆ ಕಟ್ಟಿದ್ದ ಚೀಟಿಗಳನ್ನು ಒಂದೊಂದಾಗಿ ಕಿತ್ತು, ತಿರುಗಿಯೂ ನೋಡದೆ ಹೋದಳು.

ಹತ್ತು ದಿನ ಅವನು ಆ ಕಡೆ ತಲೆ ಹಾಕಲಿಲ್ಲ. ಹನ್ನೊಂದನೇ ದಿನ ಅವಳೇ ಅವನಿದ್ದ ಪಂಪಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಹೊಸ ಸಸಿಗಳ ಟ್ರೇ.

"ಏನ್ರೀ, ನಮ್ಮ ನಲ್ಲಿಗಳೆಲ್ಲ ಏಕ್‌ದಂ ಸರಿಹೋಗಿಬಿಟ್ಟವಾ? ನಿಮ್ಮ ಸುದ್ದಿನೇ ಇಲ್ಲ."

"ಮುದುಡಿಕೊಂಡಿದ್ದೆ," ಅಂದ ಅವನು, ನೆಲ ನೋಡುತ್ತ.

ಅವಳು ತುಟಿ ಕಚ್ಚಿ ನಗು ತಡೆದುಕೊಂಡಳು, ಆದರೂ ಮೂಗು ಮಾತು ಕೇಳಲಿಲ್ಲ. ಜೇಬಿನಿಂದ ನಲ್ಲಿಗೆ ಹಾಕುವ ಬೀಗದ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟಳು. "ಮೊದಲಿಂದ ಶುರು ಮಾಡ್ತಿದೀನಿ. ಈ ಸಲ ಕೀಲಿ ನಿಮ್ಮ ಹತ್ರಾನೇ ಇರಲಿ."

"ಕೆಲಸ ಕೆಡಿಸಿದವನ ಕೈಗಾ?"

"ನಿಜ ಹೇಳಿದವರ ಕೈಗೆ."

"ನೀವಂದ್ರೆ ಇಷ್ಟ, ಡಾಕ್ಟ್ರೇ. ಅದಕ್ಕೇ ಕೈ ತಡೀಲಿಲ್ಲ."

"ಗೊತ್ತು. ಸರಿಯಿದ್ದ ನಲ್ಲೀನ ಎಷ್ಟು ಸಲ ಬಿಚ್ಚಿದ್ರಿ ಅಂತಾನೂ ಗೊತ್ತು." ಅವಳ ದನಿ ತಗ್ಗಿತು. "ಗಿಡಕ್ಕೆ ನೀರು ನಿಲ್ಲಿಸಿ. ನನ್ನ ಹತ್ರ ಮಾತು ಮಾತ್ರ ನಿಲ್ಲಿಸಬೇಡಿ. ಹತ್ತು ದಿನಕ್ಕೇ ಸಾಕಾಗಿಹೋಯ್ತು ನನಗೆ."

ಅವನು ಟ್ರೇಯ ಇನ್ನೊಂದು ತುದಿ ಹಿಡಿದುಕೊಂಡ. ಇಬ್ಬರೂ ಗಾಜಿನ ಮನೆಯತ್ತ ನಡೆದರು.