ಮಂಚದ ಕೆಳಗಿನ ವಾಸನೆ

"ಒಳಗ ಬರಬ್ಯಾಡ್ರಿ."

ನೀಲಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಹೊರಗೆ ಮಡಗಾಂವ್‌ನ ಜುಲೈ ಮಳೆ. ಪರಶುವಿನ ತಲೆಯಿಂದ ನೀರು ಇಳಿಯುತ್ತಿತ್ತು. ಅವನು ಈ ಕಡೆ ಬಂದು ತಿಂಗಳಾಗಿತ್ತು. ಬರಬೇಡಿ ಎಂದವಳೂ ಅವಳೇ.

ಆದರೂ ಅವನನ್ನು ಕಂಡೊಡನೆ ಎದೆ ಹೊಡೆದುಕೊಂಡಿತು... ಅವಳ ಭಯವೆಲ್ಲ ಅದರದೇ.

"ಬರೂದಿಲ್ಲ ವೈನಿ. ಪಾವ್ಯಾ ಎಲ್ಲಿ? ನನ್ನ ಟೆಂಪೋ ಸಪ್ಪಳ ಕೇಳಿದ್ರ ಓಣಿ ಬಾಯಿತನಕ ಓಡಿ ಬರತಿತ್ತು."

ಪಾವ್ಯಾ ಅವಳ ಗಂಡ ಯಮನೂರಪ್ಪ ಸಾಕಿದ ನಾಯಿ. ಹೋದ ಮಳೆಗಾಲ ಯಮನೂರಪ್ಪ ಮರಳು ತೆಗೆಯುವ ದೋಣಿಯಿಂದ ಜಾರಿ ಹೊಳೆಗೆ ಬಿದ್ದಿದ್ದ. ಹೆಣ ಸಿಗುವುದಕ್ಕೆ ದಿನಗಳೇ ಹಿಡಿದವು. ಮನೆಗೆ ತಂದಾಗ ಮುಖ ತೋರಿಸಲಿಲ್ಲ. ವಾಸನೆಯೊಂದೇ ಅವಳ ಪಾಲಿಗೆ ಉಳಿಯಿತು. ದೋಣಿಯಲ್ಲಿ ಸಿಕ್ಕ ಅವನ ಟವೆಲ್ಲನ್ನು ನಾಯಿ ಕಚ್ಚಿ ಹಿಡಿದು ಬಿಡಲೇ ಇಲ್ಲ. ಅದನ್ನೇ ಹರಿದು ಅದರ ಕೊರಳಿಗೆ ಕಟ್ಟಿದ್ದಳು.

ಪರಶು ಯಮನೂರಪ್ಪನ ಊರಿನವನು, ಜೀವದ ಗೆಳೆಯ; ನೀಲಾಳನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದ. ಗೆಳೆಯ ಸತ್ತ ಮೇಲೆ ವಾರಕ್ಕೊಮ್ಮೆ ಬಂದು ಹೊಸ್ತಿಲ ಮೇಲೆ ಕೂತು, ಚಹಾ ಕುಡಿದು, ಹೆಚ್ಚು ಮಾತಾಡದೆ ಎದ್ದು ಹೋಗುತ್ತಿದ್ದ. ಆ ಮೌನ ಅವಳಿಗೆ ರೂಢಿಯಾಯಿತು. ಒಂದು ಸಂಜೆ ಅವನಂದ ಯಾವುದೋ ಮಾತಿಗೆ ಅವಳು ನಕ್ಕುಬಿಟ್ಟಳು. ಗಂಡ ಸತ್ತ ಮೇಲಿನ ಮೊದಲ ನಗು. ನಕ್ಕವಳೇ ಹೆದರಿ, ಇನ್ನು ಬರಬೇಡಿ ಎಂದಳು.

ಅವನು ಕನ್ಯೆ ನೋಡಲು ಊರಿಗೆ ಹೋಗಿದ್ದಾನೆಂದು ಪಕ್ಕದ ಮನೆಯ ಜೈನಬ ಮೊನ್ನೆ ಹೇಳಿದಳು. ಆ ದಿನ ನೀಲಾ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಗಂಡನಿಗಾಗಿ ಅಲ್ಲ...

ಮರುದಿನವೇ ಕೋಣೆಯಲ್ಲಿ ಆ ವಾಸನೆ ಎದ್ದಿತು. ಅದೇ ವಾಸನೆ!

ಲೋಬಾನದ ಹೊಗೆ ಹಾಕಿದಳು. ಹೋಗಲಿಲ್ಲ. ಪಾವ್ಯಾ ಮಂಚದ ಕೆಳಗೆ ಸೇರಿ, ಉಣ್ಣದೆ, ತಲೆ ಕೊಡವುತ್ತ ಗೋಡೆ ನೋಡಿ ಕುಂಯ್‌ಗುಡುತ್ತಿತ್ತು. ಸತ್ತ ಗಂಡ ಅದಕ್ಕೂ ಕಾಣುತ್ತಿದ್ದಾನೆ ಅಂದುಕೊಂಡಳು.

ಪರಶು ಮೂಗು ಅರಳಿಸಿದ. "ಇದೇನು ವಾಸನಿ?"

ಅವಳ ಕೈ ಬಾಗಿಲಿಂದ ಜಾರಿತು. "ನಿಮಗೂ ಬರಾಕತ್ತೇತೇನ್ರಿ? ಅವರು ಬಂದಾರ್ರಿ... ನನ್ನ ಮ್ಯಾಲೆ ಸಿಟ್ಟಾಗ್ಯಾರ."

ಮಂಚದ ಕೆಳಗಿಂದ ಪಾವ್ಯಾ ಕುಂಯ್‌ಗುಟ್ಟಿದ್ದು ಅವನಿಗೆ ಕೇಳಿಸಿತು. ಚಪ್ಪಲಿ ಬಿಟ್ಟು ಒಳಗೆ ಬಂದು ಮಂಚದ ಬಳಿ ಮೊಣಕಾಲೂರಿದ. ಮೊಬೈಲ್ ಬೆಳಕು ಹಿಡಿದು ನಾಯಿಯನ್ನು ಮೆಲ್ಲಗೆ ಈಚೆಗೆ ಎಳೆದ. ಕೊರಳ ಬಟ್ಟೆಗೆ ಕೈ ಹಾಕುತ್ತಲೇ ನೀಲಾ ಅವನ ಮುಂಗೈ ಹಿಡಿದಳು.

"ಅದನ್ನ ಬಿಚ್ಚಬ್ಯಾಡ್ರಿ. ಅದು ಅವರದು."

"ಹೌದು, ಅವನದ. ಈ ನಾಯೀನೂ ಅವನದ ವೈನಿ."

ಅವಳು ಅವನ ಮುಂಗೈ ಬಿಟ್ಟಳು. ಆಮೇಲೆ ಅವಳೇ ಗಂಟು ಬಿಚ್ಚಿದಳು. ತೊಯ್ದ ಬಟ್ಟೆ ಚರ್ಮಕ್ಕೆ ಅಂಟಿತ್ತು. ಬಿಡಿಸಿದಾಗ ಕೆಳಗೊಂದು ಗುಳಿ... ಅದರೊಳಗೆ ಬಿಳಿ ಹುಳಗಳು ಮಿಜಿಮಿಜಿ ಆಡುತ್ತಿದ್ದವು.

ಸೀಮೆಎಣ್ಣೆ ಸುರಿಯಿರಿ ಎಂದು ಜೈನಬ ಬಾಗಿಲಲ್ಲೇ ನಿಂತು ಕೂಗಿದಳು. ಇಬ್ಬರೂ ಕೇಳಲಿಲ್ಲ. ನಾಯಿಯನ್ನು ಚಾದರದಲ್ಲಿ ಸುತ್ತಿ ಟೆಂಪೋದಲ್ಲಿ ಪ್ರಾಣಿಗಳ ದವಾಖಾನೆಗೆ ಒಯ್ದರು.

ಡಾಕ್ಟರಮ್ಮ ಕೂದಲು ಕತ್ತರಿಸಿ, ಗಾಯ ತೊಳೆದು, ಚಿಮಟಿಗೆಯಿಂದ ಹುಳ ಹೆಕ್ಕತೊಡಗಿದರು. ಹಸಿ ಬಟ್ಟೆಯಡಿ ಚರ್ಮ ಹುಣ್ಣಾಗಿದೆ, ನೊಣ ಕೂತು ಮೊಟ್ಟೆಯಿಟ್ಟಿದೆ, ಸೀಮೆಎಣ್ಣೆ ಸುರಿದಿದ್ದರೆ ಮಾಂಸವೇ ಬೆಂದುಹೋಗುತ್ತಿತ್ತು ಎಂದರು. ಇನ್ನೂ ತಡವಾಗಿದ್ದರೆ ಉಳಿಯುವುದು ಕಷ್ಟವಿತ್ತಂತೆ. ವಾಸನೆ ಯಾವಾಗಿನಿಂದ ಎಂದು ಕೇಳಿದಾಗ ನೀಲಾ ನಾಯಿಯ ಕಿವಿ ಸವರತೊಡಗಿದಳು.

ನಾಯಿಯ ಮುಖ ಅವಳ ಮಡಿಲಲ್ಲಿತ್ತು. ಹುಳಗಳು ಒಂದೊಂದಾಗಿ ತಟ್ಟೆಗೆ ಬೀಳುತ್ತಿದ್ದವು. ನಿರಾಳವಾಗಬೇಕಿತ್ತು. ಆಗಲಿಲ್ಲ.

ಗಂಡ ಬಂದೇ ಇರಲಿಲ್ಲ. ಸಿಟ್ಟಿಗಾದರೂ ಬಂದಿರಲಿಲ್ಲ...

ಅವಳು ಬಿಕ್ಕಿದಳು. ಗೋಡೆಗೊರಗಿ ನಿಂತ ಪರಶುವೂ ಕಣ್ಣೊರೆಸಿಕೊಂಡ.

ಇಂಜೆಕ್ಷನ್ ಮಂಪರಿನಲ್ಲಿ ನಾಯಿ ಮಲಗಿದ ಮೇಲೆ ಇಬ್ಬರೂ ದವಾಖಾನೆಯ ಕಟ್ಟೆಯ ಮೇಲೆ ಕೂತರು. ಮಳೆ ಇಳಿದಿತ್ತು.

"ಹುಡುಗಿ ಹೆಂಗದಾಳ್ರಿ?"

"ಯಾವ ಹುಡುಗಿ?"

"ನೋಡಾಕ ಹೋಗಿದ್ರಂತಲ್ಲ."

ಅವನು ಬೆರಳು ನೋಡಿಕೊಂಡ. "ನಿಮ್ಮಣ್ಣ ಭರಮಪ್ಪನ ಮನಿಗೆ ಹೋಗಿದ್ನಿ. ಉಡಿಕಿ ಕೇಳಾಕ."

ಉಡಿಕಿ... ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು.

"ಅಣ್ಣ ಏನಂದ?"

"ಬೈದ. ನನಗೇನು ಕೇಳತಿಲೇ ಹುಚ್ಚ, ಮೊದಲ ಆಕೀನ್ನ ಕೇಳು ಅಂದ."

ಅವಳಿಗೆ ನಗು ಬರುವಂತಾಯಿತು. ಈ ಸಲ ತಡೆಯಲಿಲ್ಲ. ನಗು ಕಣ್ಣೀರಿಗೆ ತಿರುಗಿತು.

"ಸಂಜಿ ಆತಂದ್ರ ಆ ನಾಯಿ ಬಾಗಿಲಾ ನೋಡತೈತ್ರಿ. ನಾನೂ ನೋಡತೇನಿ. ಅದು ನಿಲ್ಲಂಗಿಲ್ಲ. ನಿಮಗ ತ್ರಾಸ ಆಗತೈತಿ."

"ನಿಲ್ಲಸು ಅಂತ ಯಾರಂದಾರ? ಹೊಳಿ ದಾಟುವಾಗೆಲ್ಲ ನಾನೂ ಅವನ್ನ ಕರೀತೇನಿ, ನೀಲಾ."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಅದು ಗೊತ್ತಾಗಿ ಅವನೇ ತಲೆ ತಗ್ಗಿಸಿದ.

ಅವಳು ತುಸು ಸರಿದು ಅವನ ಪಕ್ಕಕ್ಕೆ ಬಂದಳು.

"ಅಣ್ಣಗ ಫೋನ್ ಹಚ್ಚರಿ. ಆಕೀನ್ನ ಕೇಳೇನಿ ಅಂತ ಹೇಳ್ರಿ."

"ಏನಂದ್ಳು ಅಂತಾನ."

"ಹೂಂ ಅಂದ್ಳು ಅನ್ರಿ."